ಕಾರಣ ಕೇಳದ ದಂಡ

‘ಸಣ್ಣ ಮೊತ್ತ, ಕಟ್ಟಿ ಕೈತೊಳೆದುಕೊಳ್ಳಿ’ ಎಂಬ ಉಪದೇಶವನ್ನು ಕಳೆದ ಕೆಲವು ತಿಂಗಳುಗಳಿಂದ ಎಷ್ಟು ಮಂದಿಯಿಂದ ಕೇಳಿದ್ದೇನೆಂದರೆ, ಅದನ್ನು ಒಂದು ಸಿದ್ಧಾಂತವೆಂದೇ ಪರಿಗಣಿಸಿ ಖಂಡಿಸುವುದು ಈಗ ಅವಶ್ಯವೆನಿಸಿದೆ. ಉಪದೇಶಿಸಿದವರಲ್ಲಿ ವಕೀಲರಿದ್ದಾರೆ, ವರ್ತಕ ಮಿತ್ರರಿದ್ದಾರೆ, ಬಸದಿಯಲ್ಲಿ ದಿನವೂ ಭೇಟಿಯಾಗುವ ಹಿರಿಯ ಶ್ರಾವಕರೊಬ್ಬರೂ ಇದ್ದಾರೆ. ಅವರೆಲ್ಲರ ಸದ್ಭಾವನೆಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವರ ಮಾತು ವ್ಯವಹಾರದ ದೃಷ್ಟಿಯಿಂದಲೂ ನೀತಿಯ ದೃಷ್ಟಿಯಿಂದಲೂ ಸರಿಯಲ್ಲವೆಂದು ನಿರೂಪಿಸುವುದು ಈ ಲೇಖನದ ಉದ್ದೇಶ.

ಪ್ರಸಂಗವನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ. 71 ವರ್ಷದ ನನ್ನ ಅಣ್ಣನವರಿಗೆ ಒಂದು ದಿನ ಬೆಳಿಗ್ಗೆ ಎದೆನೋವು ಕಾಣಿಸಿಕೊಂಡು ಮೈಯೆಲ್ಲ ಬೆವರಿತು. ಆಂಬುಲೆನ್ಸಿಗೆ ಕಾಯುವಷ್ಟು ವ್ಯವಧಾನವಿರಲಿಲ್ಲ. ಅತ್ತಿಗೆಯವರನ್ನೂ ಕೂಡಿಸಿಕೊಂಡು ನಮ್ಮ ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಗೆ ನಾನೇ ಕಾರು ಓಡಿಸಿಕೊಂಡು ಹೋದೆ. ಆಸ್ಪತ್ರೆಯ ಆವರಣದಲ್ಲಿ ಒಂದು ಸೈಕಲ್ ನಿಲ್ಲಿಸಲೂ ಜಾಗವಿರಲಿಲ್ಲ. ಅಣ್ಣನವರನ್ನು ಸ್ಟ್ರೆಚರಿಗೆ ಏರಿಸಿ, ಆಂಬುಲೆನ್ಸ್ ಬರುವ ದ್ವಾರಕ್ಕೆ ಅಡ್ಡವಾಗದಂತೆ ಕಾರನ್ನು ಆಚೆಗೆ ತೆಗೆದು, ರಸ್ತೆಯ ಅಂಚಿನಲ್ಲಿ ‘ನೋ ಪಾರ್ಕಿಂಗ್’ ಫಲಕದ ಕೆಳಗೆ ನಿಲ್ಲಿಸಿ ಒಳಗೆ ಓಡಿದೆ. ಅವರಿಗೆ ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ, ಯಾವ ಮಾತ್ರೆ, ಹಿಂದೆ ಏನಾದರೂ ಶಸ್ತ್ರಚಿಕಿತ್ಸೆಯಾಗಿತ್ತೇ ಎಂದು ವೈದ್ಯರು ಕೇಳಿದ್ದಕ್ಕೆಲ್ಲ ಉತ್ತರಿಸಬಲ್ಲವನು ನಾನೊಬ್ಬನೇ. ಒಪ್ಪಿಗೆಪತ್ರಕ್ಕೆ ಸಹಿ ಹಾಕಿದವನೂ ನಾನೇ. 55 ನಿಮಿಷಗಳ ನಂತರ ಹೊರಗೆ ಬಂದಾಗ ಗಾಜಿನ ಮೇಲೆ ದಂಡದ ನೋಟೀಸು ಇತ್ತು. ಅಣ್ಣನವರು ಹನ್ನೊಂದನೆಯ ದಿನ ಮನೆಗೆ ಬಂದರು. ದಂಡದ ಮೊತ್ತವನ್ನು ಇಲ್ಲಿ ಉದ್ದೇಶಪೂರ್ವಕವಾಗಿ ಬರೆಯುವುದಿಲ್ಲ. ಬರೆದರೆ ಚರ್ಚೆಯೆಲ್ಲ ಮೊತ್ತದ ಸುತ್ತಲೇ ತಿರುಗುತ್ತದೆ.

ನೋಟೀಸು ಬರೆದ ಪೇದೆಯ ಮೇಲೆ ನನಗೆ ಎಳ್ಳಷ್ಟೂ ಆಕ್ಷೇಪಣೆ ಇಲ್ಲ. ಅವರು ಕಂಡದ್ದು ಫಲಕದ ಕೆಳಗೆ ನಿಂತ ಒಂದು ಖಾಲಿ ವಾಹನವನ್ನು. ಅದರ ಒಡೆಯನು ಒಳಗೆ ಅಣ್ಣನ ಕೈ ಹಿಡಿದು ನಿಂತಿದ್ದಾನೆಯೋ, ಎದುರಿನ ಅಂಗಡಿಯಲ್ಲಿ ಸೀರೆ ಆರಿಸುತ್ತಿದ್ದಾನೆಯೋ ಅವರಿಗೆ ತಿಳಿಯುವುದು ಹೇಗೆ? ಬಿಸಿಲು, ಹೊಗೆ, ಧೂಳುಗಳ ನಡುವೆ ದಿನವಿಡೀ ನಿಂತು ಅವರು ತಮ್ಮ ಕರ್ತವ್ಯ ಮಾಡಿದ್ದಾರೆ. ನಿಯಮದ ಮೇಲೂ ನನಗೆ ಆಕ್ಷೇಪಣೆ ಇಲ್ಲ. ರಸ್ತೆ ಸಂಚಾರದ 1989ರ ನಿಯಮಾವಳಿಯಲ್ಲಿಯೇ ಶಾಲೆ, ಆಸ್ಪತ್ರೆಗಳ ದ್ವಾರದ ಬಳಿ ವಾಹನ ನಿಲ್ಲಿಸಬಾರದೆಂಬ ಮಾತಿತ್ತು. 2017ರಲ್ಲಿ ಹೊಸ ನಿಯಮಾವಳಿ ಅದರ ಸ್ಥಾನಕ್ಕೆ ಬಂದಿತು. ಆಸ್ಪತ್ರೆಯ ಬಾಗಿಲಿಗೆ ರೋಗಿಯು ತಡೆಯಿಲ್ಲದೆ ತಲುಪಲಿ ಎಂಬ ಉದ್ದೇಶದಿಂದ ಹುಟ್ಟಿದ ನಿಯಮವಿದು. ರೋಗಿಗಾಗಿ ಮಾಡಿದ ನಿಯಮವು ರೋಗಿಯನ್ನು ತಲುಪಿಸಿದವನ ಮಾತಿಗೆ ಕಿವಿಗೊಡುವುದಿಲ್ಲವೆಂದರೆ, ತಪ್ಪು ನಿಯಮದಲ್ಲಿ ಇಲ್ಲ, ಅದನ್ನು ನಡೆಸುವ ಕ್ರಮದಲ್ಲಿ ಇದೆ.

ಆ ಕ್ರಮದ ಪರಿಚಯ ನನಗಾದದ್ದು ಸಂಚಾರ ಠಾಣೆಯಲ್ಲಿ. ಆಸ್ಪತ್ರೆಯ ದಾಖಲಾತಿ ಚೀಟಿಯನ್ನು, ಸಮಯ ನಮೂದಾಗಿದ್ದ ಇ.ಸಿ.ಜಿ. ಹಾಳೆಯ ಪ್ರತಿಯನ್ನು ಮುಂದಿಟ್ಟೆ. ಅಲ್ಲಿದ್ದ ಅಧಿಕಾರಿ ಸೌಜನ್ಯವಂತರೇ. “ನಿಮ್ಮನ್ನು ನಂಬುತ್ತೇನೆ, ಯಜಮಾನರೆ. ಆದರೆ ಕಂಪ್ಯೂಟರಿನಲ್ಲಿ ಕಾರಣ ಬರೆಯುವ ಜಾಗವೇ ಇಲ್ಲ. ಕಟ್ಟಿಬಿಡಿ” ಎಂದರು. ನಂಬಿದವರಿಗೂ ನಂಬಿಕೆಯನ್ನು ದಾಖಲಿಸಲು ಸ್ಥಳವಿಲ್ಲ! ನಾಲ್ಕು ದಶಕಗಳಿಂದ ಲೆಕ್ಕದ ಪುಸ್ತಕಗಳೊಡನೆ ಬಾಳಿದವನಿಗೆ ಇದು ವಿಚಿತ್ರವಾಗಿ ಕಂಡಿತು. ನಮ್ಮ ಅಂಗಡಿಯ ಅತ್ಯಂತ ಸಾಮಾನ್ಯ ರೋಜು ಪುಸ್ತಕದಲ್ಲಿಯೂ ಪ್ರತಿ ಖರ್ಚಿನ ಮುಂದೆ ವಿವರದ ಅಂಕಣವೊಂದಿರುತ್ತದೆ. ವಿವರವಿಲ್ಲದ ಖರ್ಚನ್ನು ಲೆಕ್ಕ ಪರಿಶೋಧಕರು ಒಪ್ಪುವುದಿಲ್ಲ. ವಿವರವಿಲ್ಲದ ದಂಡವನ್ನು ಮಾತ್ರ ಸರ್ಕಾರ ಒಪ್ಪುತ್ತದೆ.

ಇಲ್ಲಿ ಕಾನೂನಿನ ಒಂದೆರಡು ಸಂಗತಿಗಳನ್ನು ವಾಚಕರು ಗಮನಿಸಬೇಕು; ವಿದ್ಯಾವಂತರಲ್ಲಿಯೂ ಅನೇಕರಿಗೆ ಇವು ತಿಳಿದಂತಿಲ್ಲ. ಮೊದಲನೆಯದಾಗಿ, ನಾವು ಠಾಣೆಯಲ್ಲಿಯೋ ರಸ್ತೆಯ ಬದಿಯಲ್ಲಿಯೋ ಕಟ್ಟುವ ಹಣ ನಿಜವಾದ ಅರ್ಥದಲ್ಲಿ ಶಿಕ್ಷೆಯಲ್ಲ. 1988ರ ಮೋಟಾರು ವಾಹನ ಅಧಿನಿಯಮದ 200ನೆಯ ಕಲಮಿನ ಪ್ರಕಾರ ಅದು ರಾಜಿಯ ಮೊತ್ತ. ಅಪರಾಧವೆಂದು ತೀರ್ಮಾನಿಸಿ ಶಿಕ್ಷೆ ವಿಧಿಸುವ ಅಧಿಕಾರ ನ್ಯಾಯಾಲಯದ್ದು. ರಾಜಿ ಎಂದ ಮೇಲೆ ಅದಕ್ಕೆ ಎರಡು ಪಕ್ಷಗಳ ಸಮ್ಮತಿ ಬೇಕು. ಸಮ್ಮತಿಸದವನು ನ್ಯಾಯಾಧೀಶರ ಮುಂದೆ ನಿಲ್ಲಲು ಹಕ್ಕುಳ್ಳವನು. ‘ಕಟ್ಟಲೇಬೇಕು’ ಎಂಬ ಮಾತು ರೂಢಿಯ ಮಾತೇ ಹೊರತು ಕಾನೂನಿನ ಮಾತಲ್ಲ. ಬೇರೆ ನಿರ್ದಿಷ್ಟ ಶಿಕ್ಷೆಯಿಲ್ಲದ ಉಲ್ಲಂಘನೆಗಳಿಗೆ 177ನೆಯ ಕಲಮಿನಲ್ಲಿ ಮೊದಲ ಬಾರಿಗೆ ಗರಿಷ್ಠ 100 ರೂಪಾಯಿ ಇದ್ದ ದಂಡವು 2019ರ ತಿದ್ದುಪಡಿಯಿಂದ 500 ರೂಪಾಯಿಯಾಯಿತು. ಮೊತ್ತವನ್ನು ಐದು ಪಟ್ಟು ಏರಿಸಿದವರು ಕಿವಿಯನ್ನು ಒಂದು ಪಟ್ಟಾದರೂ ಹಿಗ್ಗಿಸಬಹುದಿತ್ತು.

ಎರಡನೆಯದು ಇದಕ್ಕಿಂತ ಮುಖ್ಯವಾದದ್ದು. ದೊಡ್ಡ ಕೇಡೊಂದನ್ನು ತಪ್ಪಿಸುವುದಕ್ಕಾಗಿ, ದುರುದ್ದೇಶವಿಲ್ಲದೆ, ಸದ್ಭಾವನೆಯಿಂದ ಮಾಡಿದ ಕೃತ್ಯವು ಸಣ್ಣ ಹಾನಿಗೆ ಕಾರಣವಾಗಬಹುದೆಂದು ಗೊತ್ತಿದ್ದರೂ ಅಪರಾಧವಾಗುವುದಿಲ್ಲವೆಂದು 1860ರ ಭಾರತೀಯ ದಂಡ ಸಂಹಿತೆಯ 81ನೆಯ ಕಲಮು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ತತ್ತ್ವ 19ನೆಯ ಕಲಮಾಗಿ ನೆಲೆಗೊಂಡಿದೆ. ಬೆಂಕಿ ಹರಡದಂತೆ ತಡೆಯಲು ಮಧ್ಯದ ಮನೆಗಳನ್ನು ಕೆಡವಿದವನ ದೃಷ್ಟಾಂತವನ್ನು ಕಾನೂನೇ ಕೊಡುತ್ತದೆ. ತಪ್ಪಿಸಬೇಕಾದ ಕೇಡು ಅಷ್ಟು ಸನ್ನಿಹಿತವಾಗಿತ್ತೇ ಎಂಬುದು ಆಯಾ ಪ್ರಸಂಗದ ಸಂಗತಿಗಳಿಂದ ನಿರ್ಣಯವಾಗಬೇಕಾದ ಪ್ರಶ್ನೆ. ಈ ಸಾಮಾನ್ಯ ವಿನಾಯಿತಿಗಳು ಕೊಲೆ, ಕಳವುಗಳಂತಹ ಪ್ರಕರಣಗಳಿಗೆ ಮಾತ್ರ ಸೀಮಿತವಲ್ಲ. ಮೋಟಾರು ವಾಹನ ಅಧಿನಿಯಮದಂತಹ ವಿಶೇಷ ಕಾನೂನುಗಳ ಅಪರಾಧಗಳಿಗೂ ಅನ್ವಯಿಸುತ್ತವೆ. ಪರರ ಮನೆ ಕೆಡವಿದವನಿಗೂ ‘ಏಕೆ ಕೆಡವಿದೆ’ ಎಂದು ಕೇಳುವ ಕಾನೂನಿನ ಅಡಿಯಲ್ಲಿ, ಕಾರು ನಿಲ್ಲಿಸಿದವನಿಗೆ ‘ಏಕೆ ನಿಲ್ಲಿಸಿದೆ’ ಎಂದು ಕೇಳುವ ಅಂಕಣವಿಲ್ಲ.

ಇನ್ನೊಂದು ವೈಪರೀತ್ಯವಿದೆ. ಅಪಘಾತಕ್ಕೀಡಾದ ಅಪರಿಚಿತನನ್ನು ಆಸ್ಪತ್ರೆಗೆ ಸೇರಿಸಿದವನಿಗೆ ಪೊಲೀಸರಿಂದಾಗಲಿ ನ್ಯಾಯಾಲಯದಿಂದಾಗಲಿ ಕಿರುಕುಳವಾಗಬಾರದೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಮಾರ್ಗಸೂಚಿಗಳಿಗೆ ಬಲ ನೀಡಿತು. 2019ರ ತಿದ್ದುಪಡಿ ಅದನ್ನು 134-ಎ ಕಲಮಾಗಿ ಅಧಿನಿಯಮಕ್ಕೇ ಸೇರಿಸಿತು. ಆಂಬುಲೆನ್ಸಿಗೆ ದಾರಿ ಬಿಡದವನಿಗೆ 10,000 ರೂಪಾಯಿಯವರೆಗೆ ದಂಡವಿದೆ. ಹೃದಯಾಘಾತದಲ್ಲಿ ಪ್ರತಿ ನಿಮಿಷವೂ ಅಮೂಲ್ಯವೆಂದೇ ನಮ್ಮ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯ ಮೂಲಕ ತಾಲ್ಲೂಕು ಆಸ್ಪತ್ರೆಗಳಿಗೂ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಲುಪಿಸಿದೆ. ಇವೆಲ್ಲ ಶ್ಲಾಘನೀಯ. ಆದರೆ ನಮ್ಮ ಊರುಗಳಲ್ಲಿ ರೋಗಿಯು ಸೈರನ್ ಕೂಗಿಸಿಕೊಂಡೇ ಬರುವುದಿಲ್ಲ. ಆಟೋದಲ್ಲಿ, ಸ್ಕೂಟರಿನ ಹಿಂದೆ, ಮಗನ ಕಾರಿನಲ್ಲಿ ಬರುತ್ತಾನೆ. ಸೈರನ್ ಇದ್ದರೆ ಪ್ರಾಣಕ್ಕೆ ಬೆಲೆ, ಇಲ್ಲದಿದ್ದರೆ ಫಲಕಕ್ಕೆ ಬೆಲೆ ಎನ್ನುವ ಹಾಗಿದೆ.

ಈಗ ಎದುರುಪಕ್ಷದ ವಾದವನ್ನು ಪರಿಶೀಲಿಸೋಣ. ಒಬ್ಬರ ಕಾರಣ ಕೇಳಿದರೆ ನಾಳೆ ಪ್ರತಿಯೊಬ್ಬನೂ ಆಸ್ಪತ್ರೆಯ ಕಥೆ ಹೇಳಿಕೊಂಡು ಬರುತ್ತಾನೆ ಎಂಬುದು ಅವರ ಪ್ರಬಲ ಯುಕ್ತಿ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಸಿನೆಮಾ ನೋಡಲು ಹೋಗಿ ‘ತಾಯಿಗೆ ಹುಷಾರಿಲ್ಲ’ ಎನ್ನುವವರನ್ನು ನಾನೂ ಬಲ್ಲೆ. ಅಂಥವರು ನಿಜವಾದ ರೋಗಿಯ ಬಂಧುಗಳಿಗೆ ಸಲ್ಲಬೇಕಾದ ವಿಶ್ವಾಸವನ್ನೇ ಕದಿಯುವವರು, ಅದು ಅಸತ್ಯವೂ ಹೌದು, ಚೌರ್ಯವೂ ಹೌದು. ಆದರೆ ಸುಳ್ಳು ಹೇಳುವವರಿದ್ದಾರೆಂದು ಯಾರ ಮಾತನ್ನೂ ಕೇಳದಿರುವುದು ಯಾವ ನ್ಯಾಯ? ಖೋಟಾ ನೋಟು ಚಲಾವಣೆಯಲ್ಲಿದೆಯೆಂದು ಯಾವ ವರ್ತಕನೂ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಮನೆಗೆ ಹೋಗುವುದಿಲ್ಲ. ನೋಟನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಹಾಗೆ ಹಿಡಿದು ನೋಡಲು ಇಲ್ಲಿ ಸಾಧನಗಳಿಗೆ ಕೊರತೆಯೇನು? ತುರ್ತು ಚಿಕಿತ್ಸಾ ವಿಭಾಗದ ನೋಂದಣಿ ಪುಸ್ತಕದಲ್ಲಿ ರೋಗಿಯ ಹೆಸರು, ಕರೆತಂದವರ ಹೆಸರು, ಗಂಟೆ, ನಿಮಿಷ ಎಲ್ಲವೂ ಇರುತ್ತದೆ. ನೋಟೀಸಿನಲ್ಲಿಯೂ ಗಂಟೆ, ನಿಮಿಷ ಇರುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಲು ಐದು ನಿಮಿಷ ಸಾಕು. ಸುಳ್ಳೆಂದು ಕಂಡರೆ ದುಪ್ಪಟ್ಟು ದಂಡ ಹಾಕುವ ನಿಯಮ ಬರಲಿ. ನಾನು ಮೊದಲು ಸ್ವಾಗತಿಸುತ್ತೇನೆ.

ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್ ವಿಧಿಸುವ ನಿಲುಗಡೆ ದಂಡವನ್ನು 14 ದಿನಗಳೊಳಗೆ ಕಟ್ಟಿದವನಿಗೆ ಅರ್ಧ ಮೊತ್ತ ಮಾತ್ರ. ಒಪ್ಪದವನು ಕಾರಣ ಬರೆದು ಕಳುಹಿಸಬಹುದು, ಕೌನ್ಸಿಲ್ ತಿರಸ್ಕರಿಸಿದರೆ ಸ್ವತಂತ್ರ ನ್ಯಾಯಮಂಡಳಿಯ ಮುಂದೆ ಶುಲ್ಕವಿಲ್ಲದೆ ಹೋಗಬಹುದು. ನಮ್ಮಲ್ಲಿಯೂ ಅರ್ಧದ ಪದ್ಧತಿ ಇಲ್ಲದಿಲ್ಲ, ಆದರೆ ತಲೆಕೆಳಗಾಗಿ. 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ಉಳಿದ ಸಂಚಾರ ದಂಡಗಳ ಮೇಲೆ ಶೇಕಡಾ 50ರ ರಿಯಾಯಿತಿ ಘೋಷಿಸಿತು. 2025ರ ಆಗಸ್ಟಿನಲ್ಲಿ ಮತ್ತೆ ಅದೇ ರಿಯಾಯಿತಿ ಬಂದಿತು. ಜನ ಸಾಲುಗಟ್ಟಿ ನಿಂತು ಕಟ್ಟಿದರು. ಆಷಾಢದ ರಿಯಾಯಿತಿ ಮಾರಾಟವನ್ನು ನಾವೂ ಮಾಡುತ್ತೇವೆ, ಅದರ ಮರ್ಮ ನನಗೆ ತಿಳಿಯದ್ದಲ್ಲ: ಹಳೆಯ ದಾಸ್ತಾನು ಖಾಲಿಯಾಗಬೇಕು. ಆದರೆ ದಂಡವೂ ದಾಸ್ತಾನೇ? ಕುಡಿದು ಓಡಿಸದಿರಬಹುದು, ಕೆಂಪು ದೀಪ ದಾಟಿ ವರ್ಷಗಟ್ಟಲೆ ಕಟ್ಟದೆ ಕುಳಿತವನಿಗೆ, ಯಾವ ಕಾರಣವನ್ನೂ ಕೇಳದೆ, ಅರ್ಧ ಮಾಫಿ. ಸಕಾರಣವಾಗಿ ನಿಲ್ಲಿಸಿ ಮರುದಿನವೇ ದಾಖಲೆಯೊಡನೆ ಬಂದವನಿಗೆ ಪೂರ್ತಿ ದಂಡ. ಆಲಸ್ಯಕ್ಕೆ ಬೆಲೆ ಕಟ್ಟಿ, ಕಾರಣಕ್ಕೆ ಬೆಲೆಯಿಲ್ಲವೆಂದರೆ ಅದು ದಂಡನೀತಿಯಲ್ಲ, ವಸೂಲಿ.

ಹಿರಿಯ ಶ್ರಾವಕರ ಆಕ್ಷೇಪಣೆ ಬೇರೆ ರೀತಿಯದು. ಅದಕ್ಕೆ ನಾನು ಹೆಚ್ಚಿನ ಗೌರವ ಕೊಡುತ್ತೇನೆ. “ಇಷ್ಟು ಸಣ್ಣ ಹಣಕ್ಕೆ ಇಷ್ಟು ಕಷಾಯವೇಕೆ? ಕ್ಷಮೆಯಲ್ಲವೇ ನಮ್ಮ ಧರ್ಮ?” ಎಂದರು ಅವರು. ಕ್ಷಮೆಯೆಂದರೆ ನನ್ನೊಳಗಿನ ಕ್ರೋಧವನ್ನು ಬಿಡುವುದು. ಅದು ನೋಟೀಸು ಬರೆದ ಪೇದೆಯ ವಿಷಯದಲ್ಲಿ ಹುಟ್ಟಲೇ ಇಲ್ಲ, ಬಿಡುವ ಮಾತೆಲ್ಲಿ? ಆದರೆ ‘ಅಜಾಗರೂಕತೆಯಿಂದ ನಿಲ್ಲಿಸಿದೆ’ ಎಂಬ ಅರ್ಥ ಬರುವ ಕಾಗದಕ್ಕೆ, ಅದು ಸುಳ್ಳೆಂದು ತಿಳಿದೂ, ಅನುಕೂಲಕ್ಕಾಗಿ ಹಣ ಕಟ್ಟಿ ಒಪ್ಪಿಗೆ ಕೊಡುವುದು ಸತ್ಯಾಣುವ್ರತಕ್ಕೆ ಹೊಂದುವುದೇ? ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದೆ. ಕೃತ್ಯ ಮಾತ್ರವಲ್ಲ, ಮಾಡಿದವನ ಎಚ್ಚರ, ಎಚ್ಚರಗೇಡಿತನಗಳೂ ಗಣನೆಗೆ ಬರುತ್ತವೆ. ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯವು ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳುವಾಗ ಮೊದಲು ಇಡುವುದು ಆಲೋಚನೆಯನ್ನು, ಅಂದರೆ ನಡೆದದ್ದನ್ನು ಗುರುಗಳ ಮುಂದೆ ನಿವೇದಿಸುವುದನ್ನು. ತಪಸ್ಸು, ಛೇದ ಮೊದಲಾದವುಗಳು ಆಮೇಲೆ. ಕೇಳಿದ ನಂತರ ಪ್ರಾಯಶ್ಚಿತ್ತವೆಂಬ ಈ ಕ್ರಮದಲ್ಲಿ ಬೆಳೆದ ಸಮಾಜದವರು ಕೇಳದ ದಂಡಕ್ಕೆ ತಲೆಬಾಗುವುದನ್ನೇ ಸದ್ಗುಣವೆಂದು ಭಾವಿಸುವುದು ಆಶ್ಚರ್ಯಕರ. ಇನ್ನು ಕೆಲವರು ಸೂಚಿಸಿದ ಮೂರನೆಯ ದಾರಿ, ರಸೀದಿಯಿಲ್ಲದೆ ಅರ್ಧದಲ್ಲಿ ಮುಗಿಸಿಕೊಳ್ಳುವುದು. ಅದನ್ನು ಈ ಪತ್ರಿಕೆಯಲ್ಲಿ ಚರ್ಚಿಸುವ ಅಗತ್ಯವಿಲ್ಲ.

ಚರ್ಚಿಸಬೇಕಾದದ್ದು ಆಸ್ಪತ್ರೆಗಳ ಹೊಣೆ. ನಕ್ಷೆಯಲ್ಲಿ ವಾಹನ ನಿಲುಗಡೆಯೆಂದು ತೋರಿಸಿ ಮಂಜೂರಾತಿ ಪಡೆದ ನೆಲಮಾಳಿಗೆಯು ಕಟ್ಟಡ ಎದ್ದ ಮೇಲೆ ಔಷಧದಂಗಡಿಯಾಗಿ, ಸ್ಕ್ಯಾನಿಂಗ್ ಕೋಣೆಯಾಗಿ ಮಾರ್ಪಡುವುದನ್ನು ಅನೇಕ ಊರುಗಳಲ್ಲಿ ಕಾಣುತ್ತೇವೆ. ಆ ಉಲ್ಲಂಘನೆ ಒಂದು ಗಂಟೆಯದಲ್ಲ, ಇಪ್ಪತ್ತು ವರ್ಷಗಳದು. ಅದರ ಗಾಜಿಗೆ ಯಾರೂ ನೋಟೀಸು ಅಂಟಿಸುವುದಿಲ್ಲ. ನಮ್ಮ ಸಮಾಜದ ದಾನಿಗಳು ಕಟ್ಟಿಸಿದ ಆಸ್ಪತ್ರೆಗಳ ಟ್ರಸ್ಟಿಗಳು ಈ ಪತ್ರಿಕೆಯ ವಾಚಕರಲ್ಲಿಯೂ ಇದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ತುರ್ತು ವಿಭಾಗದ ಎದುರಿಗೆ ನಾಲ್ಕು ಕಾರುಗಳಷ್ಟು ಜಾಗವನ್ನು ಹಳದಿ ಗೆರೆ ಎಳೆದು ಖಾಲಿ ಇಡಿ; ಅಲ್ಲಿ ವೈದ್ಯರ ಕಾರನ್ನೂ ಟ್ರಸ್ಟಿಗಳ ಕಾರನ್ನೂ ನಿಲ್ಲಿಸಬೇಡಿ; ರೋಗಿಯನ್ನು ಇಳಿಸಿದವನ ಕೀಲಿಕೈ ಪಡೆದು ವಾಹನವನ್ನು ಸರಿಸಿ ನಿಲ್ಲಿಸಲು ಒಬ್ಬ ಕಾವಲುಗಾರನಿರಲಿ. ದಾನಿಗಳ ಹೆಸರಿನ ಅಮೃತಶಿಲೆಯ ಫಲಕಕ್ಕಿಂತ ಇದಕ್ಕೆ ಖರ್ಚು ಕಡಿಮೆ. ಪೊಲೀಸ್ ಇಲಾಖೆಯಿಂದ ನಾನು ಬಯಸುವುದು, ನೋಟೀಸಿನಲ್ಲಿ ‘ವಾಹನ ಮಾಲೀಕರ ಕಾರಣ’ ಎಂಬ ಒಂದು ಅಂಕಣ, ಮತ್ತು ದಾಖಲೆ ನೋಡಿ ಅದನ್ನು ರದ್ದುಪಡಿಸಲು ಠಾಣಾಧಿಕಾರಿಗೆ ಲಿಖಿತ ಅಧಿಕಾರ.

ನನ್ನ ಪ್ರಕರಣದಲ್ಲಿ ರಾಜಿಗೆ ಸಮ್ಮತಿಯಿಲ್ಲ, ನ್ಯಾಯಾಲಯಕ್ಕೆ ಕಳುಹಿಸಿರೆಂದು ಠಾಣೆಗೆ ಪತ್ರ ಕೊಟ್ಟು ಸ್ವೀಕೃತಿಯ ಮುದ್ರೆ ಪಡೆದಿದ್ದೇನೆ. ಸಮನ್ಸ್ ಇನ್ನೂ ಬಂದಿಲ್ಲ. ಬಂದ ದಿನ ಅಂಗಡಿಯನ್ನು ಮಗನಿಗೆ ಒಪ್ಪಿಸಿ, ದಾಖಲಾತಿ ಚೀಟಿ, ಇ.ಸಿ.ಜಿ. ಹಾಳೆ, ಬಿಡುಗಡೆಯ ಪತ್ರ ಮೂರನ್ನೂ ತೆಗೆದುಕೊಂಡು ಹೋಗುತ್ತೇನೆ. ನನ್ನ ಕಾರಣವನ್ನು ಕೇಳಿದ ಮೇಲೆ ಅದು ಸಾಲದೆಂದು ನ್ಯಾಯಾಧೀಶರು ಹೇಳಿದರೆ ಅಂದೇ ಪೂರ್ತಿ ಮೊತ್ತವನ್ನು ಕಟ್ಟಿ ರಸೀದಿ ಪಡೆಯುತ್ತೇನೆ, ಅಷ್ಟು ಹೊತ್ತಿಗೆ ಅರ್ಧದ ರಿಯಾಯಿತಿ ಮತ್ತೊಮ್ಮೆ ಬಂದಿದ್ದರೂ ಸಹ.