ಜ್ಞಾನೋಪದೇಶದ ತರಗತಿಗೆ ಗೌರಮ್ಮನೂ ಬರಲಿ

ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಯಿತೆಂದರೆ ಕೊಡಗಿನ ಚರ್ಚುಗಳ ಅಂಗಳದಲ್ಲಿ ಮಕ್ಕಳದ್ದೇ ಗದ್ದಲ. ಪ್ರೊಟೆಸ್ಟೆಂಟರಲ್ಲಿ ವಿಬಿಎಸ್ ಎಂಬ ರಜೆಯ ಬೈಬಲ್ ಶಾಲೆ, ಕಥೋಲಿಕರಲ್ಲಿ ಪರಮಪ್ರಸಾದದ, ದೃಢೀಕರಣದ ತಯಾರಿ. ಚಿಕ್ಕವರದ್ದೇನೂ ತಕರಾರಿಲ್ಲ. ಹಾಡು, ಕುಣಿತ, ಬಣ್ಣದ ಕಾಗದ, ಹೊರಡುವಾಗ ಒಂದು ಬಿಸ್ಕತ್ತು ಪೊಟ್ಟಣ, ಅಲ್ಲಿಗೆ ಸಂತೋಷ. ಉಪದೇಶ ಮಾಡುವವರು ಪೇಚಿಗೆ ಸಿಕ್ಕಿಕೊಳ್ಳುವುದು ಹಿಂದಿನ ಬೆಂಚಿನ ಮುಂದೆ. ಅಲ್ಲಿ ಒಂಬತ್ತನೆಯ, ಹತ್ತನೆಯ ತರಗತಿಯವರು ಕೈಕಟ್ಟಿ ಕೂತಿರುತ್ತಾರೆ. ‘ಯೇಸು ನಮ್ಮನ್ನು ಪಾಪದಿಂದ ಬಿಡುಗಡೆ ಮಾಡಿದರು’ ಎಂದರೆ ತಲೆಯಾಡಿಸುತ್ತಾರೆ. ಯಾವುದರಿಂದ ಬಿಡುಗಡೆ, ಯಾರಿಗೆ, ಆಮೇಲೇನಾಯಿತು ಎಂದು ಮರಳಿ ಕೇಳಿದರೆ ಸೀಲಿಂಗ್ ನೋಡುತ್ತಾರೆ.

ತಪ್ಪು ಅವರದ್ದಲ್ಲ. ಅವರಿಗೆ ಸಿಕ್ಕಿರುವುದು ಉತ್ತರ ಮಾತ್ರ, ಪ್ರಶ್ನೆ ಅವರದ್ದಾಗುವ ಮೊದಲೇ. ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1529ರಲ್ಲಿ ಮನೆಯ ಯಜಮಾನರಿಗೆಂದು ಒಂದು ಪುಟ್ಟ ಪ್ರಶ್ನೋತ್ತರ ಪುಸ್ತಕ ಬರೆದ. ಒಂದೊಂದು ಮಾತಿನ ಬೆನ್ನಿಗೂ ಅದರ ಅರ್ಥವೇನೆಂದು ಕೇಳಿಸುವುದೇ ಅದರ ಹೂರಣ. ಐನೂರು ವರ್ಷದಲ್ಲಿ ಆ ಅರ್ಥವನ್ನೂ ಬಾಯಿಪಾಠ ಮಾಡಿಸುವ ಮಟ್ಟಕ್ಕೆ ನಾವು ಬೆಳೆದಿದ್ದೇವೆ!

ನಾನು ಉಪದೇಶಿಯಲ್ಲ. ಮಕ್ಕಳನ್ನು ಕರೆದೊಯ್ಯಲು ಬಂದು, ತರಗತಿ ಮುಗಿಯುವ ತನಕ ಕಿಟಕಿ ಪಕ್ಕ ಕಾಯುವ ಅಪ್ಪಂದಿರಲ್ಲಿ ಒಬ್ಬ. ಹಾಗೆ ಕಾಯುವಾಗ ಕಿವಿಗೆ ಬಿದ್ದ ಒಂದು ಪಾಠ ಹೇಳುತ್ತೇನೆ. ಸಿದ್ದಾಪುರ ಕಡೆಯ ಒಂದು ಚರ್ಚಿನ ಹಾಲ್. ಕೂತ ಮಕ್ಕಳಲ್ಲಿ ಅರ್ಧಕ್ಕರ್ಧ ಕಾಫಿ ತೋಟದ ಕೂಲಿಕಾರರ ಲೈನ್‌ಮನೆಗಳಿಂದ ಬಂದವರು. ಮನೆಯಲ್ಲಿ ತಮಿಳೋ ಮಲಯಾಳವೋ, ಶಾಲೆಯಲ್ಲಿ ಕನ್ನಡ. ಅವತ್ತಿನ ಪಾಠ ಲೂಕನ ಸುವಾರ್ತೆಯ ತಪ್ಪಿಹೋದ ಮಗನ ಕತೆ. ಆಸ್ತಿಯ ಪಾಲು ಮೊದಲೇ ಕಿತ್ತುಕೊಂಡು ಹೋದ ಕಿರಿಮಗ ಎಲ್ಲ ಉಡಾಯಿಸಿ, ಹಂದಿ ಕಾದು, ಹೊಟ್ಟೆಗಿಲ್ಲದೆ ವಾಪಸು ಹೊರಡುತ್ತಾನೆ. ದಾರಿಯುದ್ದಕ್ಕೂ ಒಂದೇ ಮಾತು ಉರು ಹೊಡೆಯುತ್ತಾನೆ: ಮಗನಾಗಿ ಬೇಡ, ನಿನ್ನ ಕೂಲಿಯಾಳುಗಳಲ್ಲಿ ಒಬ್ಬನಾಗಿ ಇಟ್ಟುಕೋ.

ಅಷ್ಟಕ್ಕೇ ಒಬ್ಬ ಹುಡುಗ ಕೈಯೆತ್ತಿದ. ‘ಟೀಚರ್, ಅವ ಅಡ್ವಾನ್ಸ್ ತಗೊಂಡು ಓಡಿಹೋದವ ಅಲ್ವಾ?’

ಹಾಲೆಲ್ಲ ನಗು. ಟೀಚರ್ ಗದರಲಿಲ್ಲ; ಅಲ್ಲಿಯೇ ಅವರ ಜಾಣತನ. ‘ಹೌದಪ್ಪ. ನಿಮ್ಮ ತೋಟದಲ್ಲಿ ಹಾಗೆ ಓಡಿದವ ವಾಪಸು ಬಂದರೆ ರೈಟರ್ ಏನು ಮಾಡ್ತಾರೆ?’ ಎಂದರು. ಉತ್ತರಗಳು ಒಂದರ ಮೇಲೊಂದು ಬಿದ್ದವು. ಲೆಕ್ಕ ತೆಗೀತಾರೆ. ಕೂಲಿಯಲ್ಲಿ ಮುರ್ಕೊಳ್ತಾರೆ. ಲೈನ್ ಖಾಲಿ ಮಾಡಿಸ್ತಾರೆ. ‘ಈ ಅಪ್ಪ ಲೆಕ್ಕದ ಪುಸ್ತಕವನ್ನೇ ತೆಗೆಯಲಿಲ್ಲ. ಕೂಲಿಯಾಳು ಅನ್ನುವ ಮಾತನ್ನು ಮಗನ ಬಾಯಿಂದ ಪೂರ್ತಿ ಬರೋಕೂ ಬಿಡಲಿಲ್ಲ’ ಎಂದರು ಟೀಚರ್. ರಕ್ಷಣೆ ಎಂದರೆ ಏನೆಂದು ಕ್ರೈಸ್ತರು ನಂಬುತ್ತಾರೋ ಅದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಪ್ರಸಂಗವನ್ನು ನಾನು ಕೇಳಿಲ್ಲ. ಸಾಲ ತೀರಿತು ಅನ್ನುವುದು ಅದರ ಅರ್ಧ. ಆಳಾಗಿ ಬಂದವನು ಮಗನಾಗಿ ಒಳಹೊಕ್ಕ ಅನ್ನುವುದು ಇನ್ನರ್ಧ. ಕಾಫಿ ಕೊಯ್ಲಿನ ಕಾಲದಲ್ಲಿ ಮುಂಗಡ ಪಡೆದು ವರ್ಷವಿಡೀ ಅದನ್ನೇ ತೀರಿಸುವ ಮನೆಯ ಮಗುವಿಗೆ ಈ ಎರಡರ ನಡುವಿನ ವ್ಯತ್ಯಾಸ ಯಾವ ಚಾರ್ಟೂ ಇಲ್ಲದೆ ತಿಳಿಯುತ್ತದೆ.

‘ಅಣ್ಣ ಸಿಟ್ಟು ಮಾಡಿದ್ದೂ ಸರಿಯೇ ಅಲ್ವಾ ಟೀಚರ್, ಅವನೊಬ್ಬನೇ ದುಡೀತಾ ಇದ್ದದ್ದು’ ಎಂದಳು ಇನ್ನೊಬ್ಬಳು. ಆ ಅಣ್ಣ ಕೊನೆಗೆ ಹಬ್ಬದೂಟಕ್ಕೆ ಒಳಗೆ ಬಂದನೋ ಇಲ್ಲವೋ, ಲೂಕ ಹೇಳುವುದೇ ಇಲ್ಲ. ಅಪ್ಪ ಹೊರಗೆ ಬಂದು ಕರೆದ, ಅಷ್ಟೇ. ರಟ್ಟೆ ಹಿಡಿದು ಎಳೆದುಕೊಂಡು ಹೋಗಲಿಲ್ಲ. ಹದಿಹರೆಯದವರಿಗೆ ರಕ್ಷಣೆಯ ಪಾಠ ಹೇಳುವವರು ಕತೆಯ ಈ ಭಾಗವನ್ನು ಬಿಡಬಾರದು. ಕರೆಯಬಹುದು, ಎಳೆಯುವಂತಿಲ್ಲ. ಆದರೆ ನಮ್ಮಲ್ಲಿ ಎಳೆತವೇ ಹೆಚ್ಚು. ನರಕದ ಬೆಂಕಿ, ಅಂತ್ಯಕಾಲದ ವಿಡಿಯೋ, ತರಗತಿಗೆ ಬಾರದಿದ್ದರೆ ಮುಂದೆ ಮದುವೆಗೆ ಪತ್ರ ಕೊಡುವುದಿಲ್ಲವೆಂಬ ಗುಮ್ಮ. ಹೆದರಿ ಒಪ್ಪಿಕೊಂಡ ಹುಡುಗ ಡಿಗ್ರಿಗೆಂದು ಬೆಂಗಳೂರಿಗೆ ಹೋದ ಮೊದಲ ಭಾನುವಾರವೇ ಹೊದ್ದು ಮಲಗುತ್ತಾನೆ. ಹೆದರಿಕೆಗೆ ಬಸ್ಸು ಹತ್ತಿ ಹಿಂದೆ ಬರುವಷ್ಟು ಆಯುಷ್ಯವಿಲ್ಲ.

ಎಳೆದು ತಂದರೆ ಏನಾಗುತ್ತದೆಂಬುದನ್ನು ಕೊಡಗಿನವರಿಗಂತೂ ಹೊರಗಿನವರು ಕಲಿಸಬೇಕಾಗಿಲ್ಲ. ನಮ್ಮ ಕಣ್ಣೆದುರಿಗೇ ಗೌರಮ್ಮ ಇದ್ದಾಳೆ. 1834ರಲ್ಲಿ ಕಂಪನಿ ಸರ್ಕಾರ ಗದ್ದುಗೆಯಿಂದ ಇಳಿಸಿದ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನ ಮಗಳು, 1841ರಲ್ಲಿ ಕಾಶಿಯಲ್ಲಿ ಹುಟ್ಟಿದವಳು. 1852ರಲ್ಲಿ ಅರಸ ಅವಳನ್ನು ಇಂಗ್ಲೆಂಡಿಗೆ ಕರೆದೊಯ್ದು ಕ್ರೈಸ್ತಳಾಗಿ ಬೆಳೆಸಲು ಒಪ್ಪಿಸಿದ. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತು, ತನ್ನ ಹೆಸರನ್ನೇ ಕೊಟ್ಟು ದೀಕ್ಷಾಸ್ನಾನ ಮಾಡಿಸಿದಾಗ ಹುಡುಗಿಗೆ ಹನ್ನೊಂದು ವರ್ಷ. ಕಂಪನಿಯ ಮೇಲೆ ಹೂಡಲಿದ್ದ ಹಣದ ವ್ಯಾಜ್ಯಕ್ಕೆ ಇದರಿಂದ ಅನುಕೂಲವಾದೀತೆಂಬ ಲೆಕ್ಕ ಅಪ್ಪನ ತಲೆಯಲ್ಲಿತ್ತೆಂದು ಬರೆದವರಿದ್ದಾರೆ. ಪೂರ್ವದೇಶದ ಅರಸುಮನೆಗಳು ತಮ್ಮ ಧರ್ಮಕ್ಕೆ ಬರಲು ಇದು ಮೇಲ್ಪಂಕ್ತಿಯಾದೀತೆಂಬ ಲೆಕ್ಕ ಅತ್ತ ಕಡೆಯವರದ್ದು. ಹುಡುಗಿಯ ಲೆಕ್ಕ ಏನಿತ್ತೆಂದು ಯಾರೂ ಕೇಳಲಿಲ್ಲ. ಅಪ್ಪನ ಒಡನಾಟದಿಂದ ದೂರವಿಟ್ಟು, ಮನೆಯಿಂದ ಮನೆಗೆ, ಪೋಷಕರಿಂದ ಪೋಷಕರಿಗೆ ದಾಟಿಸಿದರು. ಪಂಜಾಬಿನ ಮಹಾರಾಜ ದುಲೀಪ್ ಸಿಂಗನಿಗೆ ಕೊಟ್ಟು ಮದುವೆ ಮಾಡಿಸುವ ರಾಣಿಯ ಆಸೆ ಈಡೇರಲಿಲ್ಲ. 1860ರಲ್ಲಿ ತನಗಿಂತ ಎಷ್ಟೋ ಹಿರಿಯನಾದ ಕರ್ನಲ್ ಕ್ಯಾಂಪ್‌ಬೆಲ್‌ನನ್ನು ಕೈಹಿಡಿದಳು; 1864ರಲ್ಲಿ, ಇನ್ನೂ ಇಪ್ಪತ್ಮೂರು ತುಂಬುವ ಮೊದಲೇ ತೀರಿಕೊಂಡಳು. ಸಿ.ಪಿ. ಬೆಳ್ಳಿಯಪ್ಪ ಅವರು ಇವಳ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ದುಲೀಪ್ ಸಿಂಗನ ಕತೆಯೂ ಇಂಥದ್ದೇ: ಹದಿನಾಲ್ಕರಲ್ಲಿ ದೀಕ್ಷಾಸ್ನಾನ, 1886ರಲ್ಲಿ ಏಡನ್ನಿನಲ್ಲಿ ಮತ್ತೆ ಸಿಖ್ ಧರ್ಮಕ್ಕೆ.

ಗೌರಮ್ಮನ ವಿಷಯ ನಮ್ಮ ಚರ್ಚುಗಳಲ್ಲಿ ಬಂದರೂ ‘ರಾಣಿ ಸಾಕಿದ ಕೊಡಗಿನ ರಾಜಕುಮಾರಿ’ ಎಂಬ ಹೆಮ್ಮೆಯಲ್ಲೇ ಮುಗಿಯುತ್ತದೆ. ಅವಳಿಗೆ ಪ್ರಾರ್ಥನೆ ಕಲಿಸಿದರು. ಇಲ್ಲ ಅನ್ನುವ ಒಂದು ಮಾತಿಗೆ ಮಾತ್ರ ಜಾಗ ಕೊಡಲಿಲ್ಲ. ಅವಳದೇ ವಯಸ್ಸಿನ ಮಕ್ಕಳ ಮುಂದೆ ಇದನ್ನು ಇಟ್ಟು ನೋಡಿ. ಹಿಂದಿನ ಬೆಂಚು ಮುಂದಕ್ಕೆ ಬರುತ್ತದೆ.

ಅದೇ ವರ್ಷಗಳಲ್ಲಿ ಇತ್ತ ಕೊಡಗಿನಲ್ಲಿ ಬೇರೆಯೇ ಒಂದು ಕತೆ ನಡೆಯುತ್ತಿತ್ತು. ‘ಮಂಗಳೂರ ಸಮಾಚಾರ’ ಪತ್ರಿಕೆಯ, ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ ಇಲ್ಲಿಗೆ ಬಂದ. ಅಲಮಂಡ ಮನೆತನದ ಸೋಮಯ್ಯ ಎಂಬ ಕೊಡವ ಸ್ವಂತ ಇಚ್ಛೆಯಿಂದ ಕ್ರೈಸ್ತನಾಗಿ ಸ್ತೆಫನ ಎನಿಸಿಕೊಂಡ, ನೆಂಟರಿಷ್ಟರ ವಿರೋಧವನ್ನೂ ಉಂಡ. ಮಿಷನ್ನಿನವರಿಗೆ ಇನ್ನು ಕೊಡವರೆಲ್ಲ ಸಾಲುಗಟ್ಟಿ ಬಂದಾರೆಂಬ ಆಸೆ. ಬಂದವರು ಬೇರೆ. ಗದ್ದೆಯ ಜೊತೆಗೇ ಮನೆತನಗಳಿಗೆ ಸೇರಿಹೋಗಿದ್ದ ಜೀತದ ದಲಿತ ಕುಟುಂಬಗಳು. 1843ರ ಕಾಯ್ದೆ ಗುಲಾಮಗಿರಿಯ ಮಾನ್ಯತೆ ತೆಗೆದಿತ್ತು, ನಿಜ. ಕಾಯ್ದೆ ಕಾಗದದಲ್ಲಿತ್ತು, ಆಳು ಗದ್ದೆಯಲ್ಲೇ ಇದ್ದ. 1854ರಲ್ಲಿ ಮಡಿಕೇರಿಯಲ್ಲಿ ಫೌಲರ್ ಯುರೋಪಿಯನ್ನರ ಮೊದಲ ಕಾಫಿ ತೋಟ ತೆರೆದ ಮೇಲೆ ಕೂಲಿ ಕೊಡುವ ಬೇರೆ ಬಾಗಿಲುಗಳೂ ತೆರೆದವು. ಆ ಹೊತ್ತಿನಲ್ಲಿ ಅಮ್ಮತ್ತಿ–ಸಿದ್ದಾಪುರ ಸೀಮೆಯಲ್ಲಿ ಮೋಗ್ಲಿಂಗ್ ಈ ಕುಟುಂಬಗಳಿಗೆ ನೆಲೆ ಮಾಡಿಕೊಟ್ಟು ಆನಂದಪುರ ಎಂದು ಹೆಸರಿಟ್ಟ. ಒಡೆಯರಿಗೆ ಇದು ಹಿಡಿಸಲಿಲ್ಲ. ಹಿಡಿಸುವ ಸಂಗತಿಯೂ ಆಗಿರಲಿಲ್ಲ.

ಆ ಜನಕ್ಕೆ ಬಿಡುಗಡೆ ಎಂದರೆ ಆತ್ಮದ ವಿಷಯವೋ ಹೊಟ್ಟೆಯ ವಿಷಯವೋ? ಮಕ್ಕಳಿಗೆ ಈ ಪ್ರಶ್ನೆಯನ್ನೇ ಕೊಡಿ. ಹೊಟ್ಟೆಗಾಗಿ ಬಂದವರು ಎಂದು ಆಗಲೂ ಮೂಗು ಮುರಿದವರಿದ್ದರು, ಈಗಲೂ ಇದ್ದಾರೆ. ಜೀತದವನು ಮೈಗೂ ಮನಸ್ಸಿಗೂ ಬೇರೆ ಬೇರೆ ಬಾಗಿಲಿನಿಂದ ಹೊರಬರಬೇಕೆಂದು ಅಪೇಕ್ಷಿಸುವುದು ಹೊಟ್ಟೆ ತುಂಬಿದವರ ಚೌಕಾಸಿ ಎಂದು ನನ್ನ ಅಭಿಪ್ರಾಯ. ಇನ್ನೊಂದನ್ನೂ ಕೇಳಬೇಕು. ಒಡೆಯನ ಗದ್ದೆ ಬಿಟ್ಟವನು ಮಿಷನ್ನಿನ ತೋಟಕ್ಕೆ ಬಂದರೆ ಎಷ್ಟು ಬಿಡುಗಡೆಯಾದ ಹಾಗಾಯಿತು? ಪಾದ್ರಿಯ ಮಾತಿಗೆ ಇಲ್ಲ ಎನ್ನುವ ಧೈರ್ಯ ಅವನಿಗಿತ್ತೆ?

ಈ ಪ್ರಶ್ನೆ ಹಳೆಯದಾಗಿಲ್ಲ. ಹತ್ತನೆಯ ತರಗತಿಗೆ ಬಂದ ಹುಡುಗ ಜಾತಿ ಪ್ರಮಾಣಪತ್ರ ಮಾಡಿಸಲು ನಾಡಕಚೇರಿಗೆ ಹೋಗುತ್ತಾನೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಲ್ಲದವರು ಪರಿಶಿಷ್ಟ ಜಾತಿಗೆ ಸೇರುವಂತಿಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು, ಕ್ರೈಸ್ತರನ್ನು ಇಲ್ಲ. ಅಂದರೆ ಅವನ ಜಾತಿ ಹೋಯಿತೆಂದು ಸರ್ಕಾರ ಹೇಳುತ್ತದೆ. ಲೈನಿನಲ್ಲಿ ನೀರು ಹಿಡಿಯುವಾಗ ಯಾರೂ ಹಾಗೆ ಹೇಳುವುದಿಲ್ಲ. ಚರ್ಚಿನ ಒಳಗೂ ಯಾವ ಬೆಂಚಿನಲ್ಲಿ ಯಾರು ಕೂರುತ್ತಾರೆಂದು ಅವನಿಗೆ ಗೊತ್ತು. ಕ್ರಿಸ್ತನಲ್ಲಿ ಮೇಲು ಕೀಳಿಲ್ಲ ಎಂದು ಪಾಠ ಹೇಳುವವರು ಮೊದಲು ಇದಕ್ಕೆ ಉತ್ತರ ಹುಡುಕಿಟ್ಟುಕೊಂಡು ಬರುವುದು ಒಳ್ಳೆಯದು.

ಬಿಡುಗಡೆಯ ಇನ್ನೊಂದು ಕತೆ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನದು, ಆನಂದಪುರಕ್ಕಿಂತಲೂ ಹಿಂದಿನದು. ಟಿಪ್ಪುವಿನ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ 1792ರಲ್ಲಿ ಅಲ್ಲಿ ನೆಲೆ ಕೊಟ್ಟವನು ದೊಡ್ಡವೀರರಾಜೇಂದ್ರ. ಆತ ಕೊಡಗಿನ ಲಿಂಗಾಯತ ಅರಸು. ಸ್ವತಃ 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ಪಾರಾಗಿ ಬಂದವನು. ಸೆರೆ ಕಂಡವನು ಸೆರೆ ಕಂಡವರಿಗೆ ಜಾಗ ಕೊಟ್ಟ, ನನ್ನ ಧರ್ಮಕ್ಕೆ ಬನ್ನಿ ಎನ್ನಲಿಲ್ಲ. ಅದೇ ಕಾಲದ ಸೆರೆ ಮತ್ತು ಬಲವಂತದ ಮತಾಂತರದ ನೆನಪು ಕೊಡವ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಹಾಗಾಗಿ ಕೊಡಗಿನಲ್ಲಿ ಮತಾಂತರ ಎಂಬ ಮಾತು ಬಂದರೆ ಜನ ಯಾಕೆ ಸೆಟೆದು ನಿಲ್ಲುತ್ತಾರೆ ಎಂಬುದನ್ನು ನಮ್ಮ ಮಕ್ಕಳು ಸಿಟ್ಟಿಲ್ಲದೆ ತಿಳಿದಿರಬೇಕು.

ಕಾನೂನನ್ನೂ ತಿಳಿದಿರಬೇಕು. ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಶಾಲೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28ನೇ ವಿಧಿ. 2022ರ ರಾಜ್ಯದ ಮತಾಂತರ ನಿಷೇಧ ಕಾಯ್ದೆ ಅಪ್ರಾಪ್ತರನ್ನು ಕಾನೂನುಬಾಹಿರವಾಗಿ ಮತಾಂತರಿಸಿದರೆ ಮೂರರಿಂದ ಹತ್ತು ವರ್ಷ ಸೆರೆ ಎಂದಿತು. ಅದನ್ನು ಹಿಂತೆಗೆಯಲು ಸಚಿವ ಸಂಪುಟ ತೀರ್ಮಾನಿಸಿದ್ದು 2023ರ ಜೂನ್‌ನಲ್ಲಿ. ನಮ್ಮ ಮಕ್ಕಳಿಗೆ ನಮ್ಮ ಧರ್ಮ ಹೇಳಿಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ. ಪಕ್ಕದ ಮನೆಯ ಮಗು ವಿಬಿಎಸ್‌ಗೆ ಬಿಸ್ಕತ್ತಿನ ಆಸೆಗೆ ಬಂದರೆ, ಅದರ ಅಪ್ಪ ಅಮ್ಮನಿಗೆ ಒಂದು ಮಾತು ಹೇಳಿಯೇ ಒಳಗೆ ಕೂರಿಸುವುದು ಕಾನೂನಿಗಿಂತ ಮೊದಲು ಮರ್ಯಾದೆ. ಇನ್ನು ನಮ್ಮದೇ ಮನೆಯ ಮಕ್ಕಳ ವಿಷಯ. ಮಗುವಿಗೂ ಸ್ವಂತ ಮನಸ್ಸಾಕ್ಷಿ, ಸ್ವಂತ ನಂಬಿಕೆಯ ಹಕ್ಕಿದೆ ಎಂದು ಸಾರುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. ಈ ಒಂದು ಸುದ್ದಿ ನಮ್ಮ ಪ್ಯಾರಿಷ್ ಸಭೆಗಳಿಗೆ ಇನ್ನೂ ತಲುಪಿದಂತೆ ಕಾಣುವುದಿಲ್ಲ.

ದೃಢೀಕರಣಕ್ಕೆ ಹದಿನೈದರ ಹುಡುಗಿ ‘ನನಗೆ ಇನ್ನೂ ಸಮಯ ಬೇಕು’ ಎಂದರೆ ಮನೆಯಲ್ಲಿ ರಾಮಾಯಣ. ಸೀರೆ ತಂದಾಗಿದೆ, ಬಿಷಪ್ ಬರುವ ತಾರೀಕು ಗೊತ್ತಾಗಿದೆ, ನೆಂಟರಿಗೆ ಹೇಳಿಯಾಗಿದೆ. ಹಾಗೆ ಹೇಳಿದ ಹುಡುಗಿಯೇ ಪಾಠವನ್ನು ಸರಿಯಾಗಿ ಕೇಳಿಸಿಕೊಂಡವಳು ಎಂದು ಗುರುಗಳು ಬಲಿಪೂಜೆಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿದರೆ ಸಾಕು, ಎಷ್ಟೋ ಮನೆಗಳ ಬಿಗಿ ಸಡಿಲವಾದೀತು.

ನನ್ನದೊಂದು ಸಲಹೆ. ಯುವಕರ ಪ್ರವಾಸ ಎಂದಾಗಲೆಲ್ಲ ಮೈಸೂರಿನ ಸಂತ ಫಿಲೋಮಿನಾ ಚರ್ಚು, ಇಲ್ಲವೇ ವೇಳಾಂಕಣಿ. ಈ ಸಲ ಒಂದು ಮ್ಯಾಕ್ಸಿಕ್ಯಾಬ್ ಮಾಡಿಕೊಂಡು ಊರೊಳಗೇ ಸುತ್ತಿಸಿ. ಬೆಳಿಗ್ಗೆ ವಿರಾಜಪೇಟೆ, ಅಲ್ಲಿಂದ ಅಮ್ಮತ್ತಿ ದಾರಿಯಲ್ಲಿ ಆನಂದಪುರ, ಮಧ್ಯಾಹ್ನಕ್ಕೆ ಮಡಿಕೇರಿ ಕೋಟೆ. ಗೌರಮ್ಮನ ಅಪ್ಪ ಆಳ್ವಿಕೆ ನಡೆಸಿದ ಅರಮನೆ ಅಲ್ಲಿದೆ. ಅದರ ಅಂಗಳದಲ್ಲೇ ಆಂಗ್ಲರ ಸಂತ ಮಾರ್ಕನ ಚರ್ಚು, ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಆ ಚರ್ಚು ಕಟ್ಟಲು ಕೋಟೆಯೊಳಗಿದ್ದ ವೀರಭದ್ರ ದೇವಸ್ಥಾನವನ್ನು ತೆಗೆಸಿದ್ದರು.

‘ಅದನ್ನೂ ಮಕ್ಕಳಿಗೆ ಹೇಳ್ಬೇಕಾ?’ ಎಂದು ಸಭೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಹೇಳಬೇಕು. ಮೊಬೈಲಿನಲ್ಲಿ ಅವರು ಈಗಾಗಲೇ ಓದಿರುತ್ತಾರೆ. ನಮ್ಮ ಬಾಯಿಂದ ಇನ್ನೂ ಕೇಳಿಲ್ಲ, ಅಷ್ಟೇ.