ಮದ್ದು ಸಿದ್ಧ, ಅಂಟು ಎಲ್ಲಿ?

ಕೊಪ್ಪ ತಾಲ್ಲೂಕಿನ ನಾರ್ವೆ ಕಡೆ ಮಳೆ ಹಿಡಿಯುವ ಮುಂಚೆ ಅಡಿಕೆಗೆ ಬೋರ್ಡೋ ಹೊಡೆಯುವ ಗಡಿಬಿಡಿ. ಮೈಲುತುತ್ತ, ಸುಣ್ಣ ಹದವಾಗಿ ಬೆರೆತರಷ್ಟೇ ಸಾಲದು. ಡ್ರಮ್ಮಿಗೆ ರಾಳದ ಅಂಟು ಬೀಳದಿದ್ದರೆ ಮದ್ದೆಲ್ಲ ಮಳೆಗೆ ತೊಳೆದು ಮರದ ಬುಡಕ್ಕೆ. ಕೊಳೆರೋಗವನ್ನು ತಡೆಯುವುದು ತಾಮ್ರವೇ, ಆದರೆ ಅದನ್ನು ಕೊನೆಯ ಮೇಲೆ ನಿಲ್ಲಿಸುವುದು ಅಂಟು.

ಜೀನ್‌ಗಳ ಬಾಯಿ ಮುಚ್ಚಿಸುವ ಆರ್‌ಎನ್‌ಎ ಔಷಧಗಳ ಕಥೆಯೂ ಇದೇ. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಒಂದು ಪುಟ್ಟ ಹುಳುವಿನಲ್ಲಿ ಈ ವಿದ್ಯೆಯನ್ನು ಕಂಡರು. 2006ರಲ್ಲಿ ನೊಬೆಲ್ ಬಂತು. ಇಪ್ಪತ್ತೊಂದು, ಇಪ್ಪತ್ತೆರಡು ಅಕ್ಷರಗಳ ಜೋಡಿ ಎಳೆಯೊಂದು ಜೀವಕೋಶದೊಳಗೆ ಸೇರಿದರೆ, ತನಗೆ ಹೊಂದುವ ಆರ್‌ಎನ್‌ಎಯನ್ನು ಹುಡುಕಿ ಕತ್ತರಿಸುವ ಕೆಲಸಕ್ಕೆ ಕೋಶವನ್ನೇ ಹಚ್ಚುತ್ತದೆ.

ಮಂಗನ ಕಾಯಿಲೆಯ ವೈರಸ್ಸಿನ ಜಾತಕವೂ ಸುಮಾರು 11 ಸಾವಿರ ಅಕ್ಷರಗಳ ಆರ್‌ಎನ್‌ಎ ಎಳೆಯೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕ ಈ ಕಾಯಿಲೆ 2024ರಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳನ್ನೂ ಕಾಡಿತು. ದರಗು ತರಲು ಕಾಡಿಗೆ ಹೋದವರಿಗೆ ಉಣುಗು ಕಚ್ಚಿದರೆ ಜ್ವರ. ನಿರ್ದಿಷ್ಟ ಔಷಧ ಇಲ್ಲ. ಹಳೆಯ ಲಸಿಕೆ 2022ರಲ್ಲಿ ನಿಂತಿತು. ಹೊಸದರ ಕೆಲಸ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕೈಯಲ್ಲಿದೆ. ಅಲ್ಲಿಯವರೆಗೆ ಉಣುಗು ಹತ್ತದಂತೆ ಮೈಗೆ ಡೆಪಾ ಎಣ್ಣೆ. ಹಾಗಿರುವಾಗ ‘ಆ ಎಳೆಯನ್ನೇ ಕತ್ತರಿಸಿದರಾಯಿತಲ್ಲ’ ಎಂಬ ಆಸೆ ಸಹಜ. ಕತ್ತರಿಯ ವಿನ್ಯಾಸ ಈಗ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಅದನ್ನು ಕೋಶದೊಳಗೆ ಮುಟ್ಟಿಸುವುದೇ ಪಡಿಪಾಟಲು.

ಬರಿಯ ಆರ್‌ಎನ್‌ಎಯನ್ನು ರಕ್ತಕ್ಕೆ ಬಿಟ್ಟರೆ ಅಲ್ಲಿನ ಕಿಣ್ವಗಳು ಅದನ್ನು ಚೂರು ಮಾಡುತ್ತವೆ. ಉಳಿದದ್ದು ಋಣ ವಿದ್ಯುದಂಶದ್ದಾದ್ದರಿಂದ ಕೋಶದ ಜಿಡ್ಡಿನ ಪೊರೆ ಒಳಗೆ ಬಿಡುವುದಿಲ್ಲ. ಅದಕ್ಕೇ ಜಿಡ್ಡಿನದ್ದೇ ಗಾಡಿ: ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನಷ್ಟು ಸಣ್ಣ ಕೊಬ್ಬಿನ ಉಂಡೆ. ಇದರ ಮುಖ್ಯ ಲಿಪಿಡ್ ಒಂದು ಜಾಣ ವಸ್ತು. ಹುಳಿಯಲ್ಲಿ ಧನ ವಿದ್ಯುದಂಶ ತಳೆದು ಆರ್‌ಎನ್‌ಎಯನ್ನು ಹಿಡಿಯುತ್ತದೆ, ರಕ್ತಕ್ಕೆ ಬಂದಾಗ ಸುಮ್ಮನಾಗುತ್ತದೆ, ಕೋಶ ತನ್ನನ್ನು ನುಂಗಿದ ಚೀಲದ ಒಳಗೆ ಮತ್ತೆ ಹುಳಿ ತಗುಲಿದಾಗ ಎಚ್ಚೆತ್ತು ಚೀಲದ ಗೋಡೆ ಕೆಡಿಸುತ್ತದೆ. ಇಷ್ಟೆಲ್ಲ ಆಗಿಯೂ ನಿಜವಾಗಿ ಹೊರಬರುವ ಆರ್‌ಎನ್‌ಎ ನೂರಕ್ಕೆ ಒಂದೋ ಎರಡೋ ಪಾಲು ಎಂದು 2013ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಬೋರ್ಡೋ ಹೊಡೆಯುವವರು ಇಷ್ಟು ನಷ್ಟ ಮಾಡಿದರೆ ತೋಟದ ಯಜಮಾನ ಕೂಲಿ ಕೊಟ್ಟಾನೆಯೇ?

ಇನ್ನೊಂದು ತೊಡಕು: ಈ ಉಂಡೆಗಳ ಸವಾರಿ ಬಹುಪಾಲು ಲಿವರ್‌ಗೇ. ರಕ್ತದಲ್ಲಿರುವ ಒಂದು ಪ್ರೋಟೀನ್ ಅವಕ್ಕೆ ಅಂಟಿಕೊಂಡು ಅಲ್ಲಿಗೆ ಎಳೆದೊಯ್ಯುತ್ತದೆ. 2018ರ ಆಗಸ್ಟ್‌ನಲ್ಲಿ ಅಮೆರಿಕ ಒಪ್ಪಿದ ಈ ಬಗೆಯ ಮೊದಲ ಔಷಧ ಪ್ಯಾಟಿಸಿರಾನ್ ಗೆದ್ದದ್ದು ಅದು ಅಡಗಿಸಬೇಕಿದ್ದ ಪ್ರೋಟೀನ್ ತಯಾರಾಗುವುದು ಲಿವರ್‌ನಲ್ಲಿ ಎಂಬ ಕಾರಣಕ್ಕೆ. ಮೂರು ವಾರಕ್ಕೊಮ್ಮೆ ನರಕ್ಕೆ ಏರಿಸಬೇಕು. ವರ್ಷದ ಪಟ್ಟಿ ಬೆಲೆ ನಾಲ್ಕೂವರೆ ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ ಮೂರು ಕೋಟಿ ರೂಪಾಯಿ ದಾಟುತ್ತಿತ್ತು. ಮಂಗನ ಕಾಯಿಲೆಯಲ್ಲಾದರೆ ಕೆಲವರಿಗೆ ಜ್ವರ ಇಳಿದು ಮತ್ತೆ ಮರುಕಳಿಸಿ ಮಿದುಳಿಗೆ ತಟ್ಟುತ್ತದೆ. ಅಲ್ಲಿಗೆ ಈ ಗಾಡಿಗೆ ದಾರಿಯಿಲ್ಲ.

ವೈರಸ್ಸಿನ ಎಳೆ ಕತ್ತರಿಸುವುದನ್ನು ಎಬೋಲಾದಲ್ಲಿ ಮಾಡಿ ನೋಡಿದ್ದಾರೆ. 2010ರಲ್ಲಿ ಕೊಬ್ಬಿನ ಉಂಡೆಯೊಳಗಿನ ಆರ್‌ಎನ್‌ಎ ಕೋತಿಗಳನ್ನು ಉಳಿಸಿತು. ಸೋಂಕು ತಗುಲಿಸಿದ ಅರ್ಧ ಗಂಟೆಯೊಳಗೇ ಮದ್ದು ಶುರುವಾಗಿತ್ತು. 2015ರಲ್ಲಿ ಸಿಯೆರಾ ಲಿಯೋನ್‌ನಲ್ಲಿ ತೀವ್ರ ಸ್ಥಿತಿಯ ರೋಗಿಗಳಿಗೆ ಕೊಟ್ಟಾಗ ಪ್ರಯೋಜನ ಕಾಣದೆ ಪ್ರಯೋಗ ನಿಂತಿತು. ತಡವಾಗುವುದು ನಮ್ಮಲ್ಲೂ ಇದ್ದದ್ದೇ: ಜ್ವರ ಬಂದವರು ಎರಡು ದಿನ ಮಾತ್ರೆ ನುಂಗಿ, ಮೂರನೇ ದಿನ ಕಷಾಯ ಕುಡಿದು, ನಾಲ್ಕನೇ ದಿನ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾರೆ.

ಹಾಗೆಂದು ಕೈ ಚೆಲ್ಲಬೇಕೆಂದಲ್ಲ. ದುಡ್ಡು ಎಲ್ಲಿ ಹಾಕಬೇಕು ಎಂಬುದು ನನ್ನ ತಕರಾರು. ಮಂಗನ ಕಾಯಿಲೆಗೇ ಒಂದು ಆರ್‌ಎನ್‌ಎ ಔಷಧ ಎಂದು ಹೊರಟರೆ ಯಾವ ಕಂಪನಿಯೂ ತಿರುಗಿ ನೋಡದು, ಅಷ್ಟು ಗಿರಾಕಿಗಳಿಲ್ಲ. ಗಾಡಿ ಮಾತ್ರ ಹಾಗಲ್ಲ. ಇವತ್ತು ಕತ್ತರಿಸುವ ಆರ್‌ಎನ್‌ಎ, ನಾಳೆ ಲಸಿಕೆಯ ಎಂಆರ್‌ಎನ್‌ಎ, ಸರಕು ಬದಲಾದರೂ ಚಕ್ರ ಹೆಚ್ಚುಕಡಿಮೆ ಅವೇ. ಈ ರಸಾಯನಶಾಸ್ತ್ರ ನಮಗೆ ಹೊಸದೂ ಅಲ್ಲ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂತನು ಭಟ್ಟಾಚಾರ್ಯರ ತಂಡ ಕೊಲೆಸ್ಟರಾಲ್ ಆಧಾರಿತ ಲಿಪಿಡ್‌ಗಳಿಂದ ಕೋಶಕ್ಕೆ ಜೀನ್ ಸಾಗಿಸುವ ಕೆಲಸವನ್ನು ವರ್ಷಗಟ್ಟಲೆ ಮಾಡಿದೆ. ಪುಣೆಯ ಜೆನ್ನೋವಾ ಕಂಪನಿಯ ಎಂಆರ್‌ಎನ್‌ಎ ಕೋವಿಡ್ ಲಸಿಕೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಪುಡಿ ರೂಪದ ಅದನ್ನು ಸಾಮಾನ್ಯ ಫ್ರಿಜ್‌ನಲ್ಲೇ ಇಡಬಹುದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದ ಊರುಗಳಿಗೆ ಇದು ಸಣ್ಣ ವಿಷಯವಲ್ಲ.

ರಾಜ್ಯ ಸರ್ಕಾರ ಕೇಳಬೇಕಾದದ್ದು ಇಂಥ ಗಾಡಿಯನ್ನು: ಫ್ರಿಜ್ ತಪ್ಪಿದರೂ ಕೆಲ ದಿನ ತಡೆಯುವ, ಲಿವರ್ ದಾಟಿ ಹೋಗಬಲ್ಲ, ಕೊಪ್ಪದ ತಾಲ್ಲೂಕು ಆಸ್ಪತ್ರೆಯಲ್ಲೇ ಏರಿಸಬಹುದಾದದ್ದನ್ನು. ಅದರ ಜೊತೆಗೆ, ಜ್ವರದ ಮೊದಲ ದಿನವೇ ಇಲ್ಲೇ ಪರೀಕ್ಷೆ ಆಗಿ ಸಂಜೆಯೊಳಗೆ ವರದಿ ಕೈಗೆ ಸಿಗುವ ಏರ್ಪಾಡನ್ನು.