ಸಿಹಿ ತಿಂಡಿಯ ಅಂಗಡಿಗೆ ತಕ್ಕ ಸ್ಥಳ

ಮುಂಬಯಿಯ ಕನ್ನಡಿಗರಿಗೆ ಹೋಟೆಲ್ ಉದ್ಯಮ ಹೊಸದಲ್ಲ. ಅಷ್ಟು ದೊಡ್ಡ ಬಂಡವಾಳವಿಲ್ಲದವರು ಮೈಸೂರು ಪಾಕು, ಧಾರವಾಡ ಪೇಢೆ, ಬೆಳಗಾವಿ ಕುಂದಾ, ಗೋಕಾಕದ ಕರದಂಟುಗಳನ್ನು ಮಾರುವ ಸಣ್ಣ ಅಂಗಡಿಯೊಂದನ್ನು ತೆರೆಯಲು ಯೋಚಿಸುವುದುಂಟು. ಅದಕ್ಕೆ ತೊಡಗಿಸುವ ಹಣ ಅನೇಕ ವೇಳೆ ನಿವೃತ್ತಿಯಿಂದ ಬಂದ ಭವಿಷ್ಯನಿಧಿ, ಇಲ್ಲವೆ ಮನೆಯ ಒಡವೆಯ ಮೇಲೆ ಎತ್ತಿದ ಸಾಲ. ಪಾಕ ಕೆಟ್ಟರೆ ಮರುದಿನ ತಿದ್ದಿಕೊಳ್ಳಬಹುದು. ಸ್ಥಳದ ಆಯ್ಕೆ ಕೆಟ್ಟರೆ, ಕಪಾಟು, ಗಾಜಿನ ಪೆಟ್ಟಿಗೆ, ವಿದ್ಯುತ್ ಜೋಡಣೆಗಳಿಗೆ ಸುರಿದ ಹಣ ಮರಳುವುದಿಲ್ಲ. ಆದ್ದರಿಂದ ತಿಂಡಿಯ ರುಚಿಗಿಂತ ಮೊದಲು ವಿಚಾರ ಮಾಡಬೇಕಾದದ್ದು ಅಂಗಡಿಯ ನೆಲೆಯನ್ನು.

ಬಾಡಿಗೆ ಕಡಿಮೆಯೆಂಬ ಒಂದೇ ಕಾರಣದಿಂದ ಒಳ ಓಣಿಯ ಮಳಿಗೆಯನ್ನು ಹಿಡಿಯುವುದು ಸಾಮಾನ್ಯವಾದ ತಪ್ಪು. ಸಾಮಗ್ರಿ, ಇಂಧನ, ಕೂಲಿಗಳನ್ನು ಕಳೆದು ಕಿಲೋ ಒಂದಕ್ಕೆ 120 ರೂಪಾಯಿ ಉಳಿಯುತ್ತದೆಂದು ಭಾವಿಸಿದರೆ, ತಿಂಗಳಿಗೆ 60,000 ರೂಪಾಯಿ ಬಾಡಿಗೆಯ ಅಂಗಡಿ ಬಾಡಿಗೆಗಾಗಿಯೇ 500 ಕಿಲೋ, ಅಂದರೆ ದಿನಕ್ಕೆ ಸುಮಾರು 17 ಕಿಲೋ ಮಾರಬೇಕು. 30,000 ರೂಪಾಯಿಯ ಅಂಗಡಿಗೆ ಅದರ ಅರ್ಧ ಸಾಕು. ಮೊದಲನೆಯ ಕಡೆ 25 ಕಿಲೋ ಹೋಗಿ, ಎರಡನೆಯ ಕಡೆ 6 ಕಿಲೋ ಮಾತ್ರ ಹೋಗುವುದಾದರೆ, ಅಗ್ಗದ ಅಂಗಡಿಯೇ ದುಬಾರಿ. ಮೇಲಾಗಿ ಹಾಲಿನ ಸಿಹಿ ಬಹುದಿನ ಇಡುವ ಸರಕಲ್ಲ. ಬಿಡಿಯಾಗಿ ಮಾರುವ ಸಿಹಿಗೂ ಎಂದಿನವರೆಗೆ ತಿನ್ನಲು ಯೋಗ್ಯವೆಂಬ ದಿನಾಂಕವನ್ನು ಪ್ರದರ್ಶಿಸಬೇಕೆಂಬ ನಿಯಮ 2020ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಮಾರಾಟವಾಗದೆ ಉಳಿದದ್ದು ನಷ್ಟವೇ ಸರಿ.

ನಮ್ಮವರು ಹೆಚ್ಚಾಗಿರುವ ಕಡೆ ಅಂಗಡಿಯಿಟ್ಟರೆ ನಡೆದೇ ನಡೆಯುತ್ತದೆಂಬ ಭರವಸೆಯೂ ಅಷ್ಟೇ ಅಪಾಯಕಾರಿ. ಭಾಷಾಭಿಮಾನ ಗಿರಾಕಿಯನ್ನು ಉದ್ಘಾಟನೆಯ ದಿನ ಕರೆತಂದೀತು. ಪ್ರತಿ ತಿಂಗಳ ಕಂತನ್ನು ಅದು ಕಟ್ಟಲಾರದು. ಧಾರವಾಡದ ಪೇಢೆಯನ್ನು ಪ್ರಸಿದ್ಧಿಗೆ ತಂದ ಠಾಕೂರ್ ಮನೆತನ ಉತ್ತರ ಪ್ರದೇಶದ ಉನ್ನಾವ್‌ನಿಂದ ವಲಸೆ ಬಂದದ್ದು. ಅವರು ತಮ್ಮ ಸೀಮೆಯವರನ್ನು ಹುಡುಕಿಕೊಂಡು ಕೂರಲಿಲ್ಲ; ಊರಿನವರೆಲ್ಲರೂ ಅವರ ಗಿರಾಕಿಗಳಾದರು. ಅಂಗಡಿಯಿದ್ದ ಲೈನ್ ಬಜಾರಿನ ಹೆಸರೇ ಪೇಢೆಗೂ ನಿಂತಿತು. ಮೈಸೂರಿನಲ್ಲಿ ಅರಮನೆಯ ಪಾಕಪ್ರವೀಣ ಕಾಕಾಸುರ ಮಾದಪ್ಪನವರ ವಂಶದವರ ಗುರು ಸ್ವೀಟ್ ಮಾರ್ಟ್ ಇರುವುದು ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಮಗ್ಗುಲಲ್ಲಿ. ಹೂವು, ಹಣ್ಣು, ವೀಳ್ಯದೆಲೆ ಕೊಳ್ಳಲು ಬಂದವರಿಗೆ ಸಿಹಿಯ ಅಂಗಡಿಯೂ ಹಾದಿಯಲ್ಲೇ ಸಿಗುತ್ತದೆ.

ಮುಂಬಯಿಗೆ ಈ ಪಾಠವನ್ನು ಅನ್ವಯಿಸುವುದಾದರೆ ಲೋಕಲ್ ರೈಲಿನ ಓಟವನ್ನು ಗಮನಿಸಬೇಕು. ಬೆಳಿಗ್ಗೆ ಕಚೇರಿಗೆ ಧಾವಿಸುವವನು ಸಿಹಿ ಕೊಳ್ಳುವುದಿಲ್ಲ. ಸಂಜೆ ಮನೆಗೆ ಮರಳುವವನು ಕೊಳ್ಳುತ್ತಾನೆ. ಫೋರ್ಟ್ ಪ್ರದೇಶದಲ್ಲಿ ಜನ ಎಷ್ಟಿದ್ದರೂ ಭಾನುವಾರ ಬೀದಿಗಳು ಬರಿದು. ಡೊಂಬಿವಲಿ, ಭಾಂಡೂಪ್, ಮೀರಾ ರೋಡ್‌ಗಳಂಥ ಉಪನಗರಗಳಲ್ಲಿ ನಿಲ್ದಾಣದಿಂದ ಮನೆಯತ್ತ ಹೋಗುವ ರಸ್ತೆ, ಅದರಲ್ಲಿಯೂ ತರಕಾರಿ, ಹೂವು, ಔಷಧದ ಅಂಗಡಿಗಳ ಸಾಲು, ಹೆಚ್ಚು ಅನುಕೂಲ. ಸೇತುವೆಯ ಮೆಟ್ಟಿಲಿಗೆ ಅಂಟಿಕೊಂಡ ಮಳಿಗೆ ಬೇಡ. ಅಲ್ಲಿ ನೂಕುನುಗ್ಗಲು ಯಾರನ್ನೂ ನಿಲ್ಲಗೊಡುವುದಿಲ್ಲ. ಕರಾರಿಗೆ ಸಹಿ ಹಾಕುವ ಮುನ್ನ ಒಂದು ವಾರ ಸಂಜೆ 6ರಿಂದ 9ರವರೆಗೆ ಅಲ್ಲಿ ನಿಂತು, ಹಾದುಹೋಗುವವರನ್ನಲ್ಲ, ಕೈಚೀಲ ಹಿಡಿದು ನಿಂತು ಕೊಳ್ಳುವವರನ್ನು ಎಣಿಸುವುದು ಯಾವ ತಜ್ಞನ ವರದಿಗಿಂತಲೂ ಮೇಲು. ಲೀವ್ ಅಂಡ್ ಲೈಸೆನ್ಸ್ ಕರಾರನ್ನು ನೋಂದಾಯಿಸುವುದೂ, ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗಲಿದೆಯೇ ಎಂದು ವಿಚಾರಿಸುವುದೂ ಅಷ್ಟೇ ಅವಶ್ಯ.

ಶಾಲೆಯ ಬಾಗಿಲೇ ಉತ್ತಮ ಸ್ಥಳವೆಂದು ವಾದಿಸುವವರಿದ್ದಾರೆ. ಮಕ್ಕಳು ದಿನವೂ ಬರುತ್ತಾರೆಂಬುದು ಅವರ ಲೆಕ್ಕ. ಆದರೆ 2020ರ ಆಹಾರ ಸುರಕ್ಷತಾ ನಿಯಮಾವಳಿ ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ದ್ವಾರದಿಂದ 50 ಮೀಟರಿನೊಳಗೆ ಮಕ್ಕಳಿಗೆ ಮಾರುವುದನ್ನು ನಿಷೇಧಿಸಿದೆ. 51ನೆಯ ಮೀಟರಿನಲ್ಲಿ ಅಂಗಡಿ ತೆರೆದರೆ ಕಾನೂನು ಸುಮ್ಮನಿದ್ದೀತು. ಮಗುವಿನ ಹಲ್ಲೂ ದೇಹವೂ ಸುಮ್ಮನಿರವು. ಹೊರಗಿನಿಂದ ಬೆರೆಸಿದ ಸಕ್ಕರೆ ದಿನದ ಆಹಾರಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಇಂಥ ದೇಶದಲ್ಲಿ ಒಬ್ಬನೇ ಗಿರಾಕಿ ನಿತ್ಯವೂ ತಿನ್ನಲೆಂದು ಹಾರೈಸುವ ವ್ಯಾಪಾರಕ್ಕೆ ಶ್ರೇಯಸ್ಸಿಲ್ಲ.

ಸಿಹಿ ನಮ್ಮಲ್ಲಿ ಹಬ್ಬಕ್ಕೆ, ಹೆರಿಗೆಯ ಸಂತೋಷಕ್ಕೆ, ಪರೀಕ್ಷೆಯ ಫಲಿತಾಂಶಕ್ಕೆ, ನೆಂಟರ ಮನೆಗೆ ಸಲ್ಲುವ ವಸ್ತು. ಒಬ್ಬೊಬ್ಬರು ಅಪರೂಪಕ್ಕೆ ಕೊಂಡರೂ ದಿನವಹಿ ಹೊಸಬರು ಹಾದುಹೋಗುವ ರಸ್ತೆಯಿದ್ದರೆ ಅಂಗಡಿಗೆ ಕೊರತೆಯಿಲ್ಲ. ಅಂಥ ನೆಲೆಯಲ್ಲಿ ಲಾಭಕ್ಕೂ ಆರೋಗ್ಯಕ್ಕೂ ವೈರವಿಲ್ಲ. ಪರಸ್ಥಳದಲ್ಲಿ ಉಳಿತಾಯದ ಹಣದಿಂದ ಅಂಗಡಿ ಹೂಡುವ ಕನ್ನಡಿಗನು ಬಾಡಿಗೆಯ ದರವನ್ನೂ ಬಂಧುಬಳಗದ ಮಾತನ್ನೂ ನೆಚ್ಚದೆ, ಜನರು ಮನೆಗೆ ಮರಳುವ ಹಾದಿಯನ್ನು ಮೊದಲು ಕಂಡುಕೊಳ್ಳಲಿ.